ಮನೆ ಹತ್ತಿರ ಒಂದಿಷ್ಟು ಹಸಿರು: ಊರು ಬಿಟ್ಟು ಬಂದ ಮನಸ್ಸಿಗೆ ಅದು ಯಾಕೆ ಬೇಕು?



ಬಿಪಿ, ಶುಗರ್, ಮಂಡಿನೋವು, ಥೈರಾಯ್ಡ್ ಬಗ್ಗೆ ನಾವೆಲ್ಲ ದಿನವೂ ಓದುತ್ತೇವೆ, ಒಂದು ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ಕಳಿಸುತ್ತೇವೆ. ಇವತ್ತು ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡೋಣ. ಅದಕ್ಕೆ ಮೊದಲು ನಿಮಗೆ ಎರಡು ಪ್ರಶ್ನೆ. ನಿಮ್ಮ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಹಸಿರು ಜಾಗ ಯಾವುದು? ನಿಮ್ಮ ಮನೆಯ ಹಿರಿಯರಿಗೆ ಆ ಜಾಗಕ್ಕೆ ಒಬ್ಬರೇ ಹೋಗಿಬರುವ ದಾರಿ ಗೊತ್ತಿದೆಯೇ?

ಹೊರನಾಡಿನಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಈಗ ಒಂದೇ ಪರಿಸ್ಥಿತಿ. ಮಗ ಸೊಸೆ ಅಥವಾ ಮಗಳು ಅಳಿಯ, ಇಬ್ಬರಿಗೂ ಕೆಲಸ. ವಯಸ್ಸಾದ ಮೇಲೆ ಊರಲ್ಲಿ ಒಬ್ಬರೇ ಇರುವುದು ಬೇಡವೆಂದು ಅಪ್ಪ ಅಮ್ಮನನ್ನು ಕರೆತಂದಿರುತ್ತೇವೆ. ಧಾರವಾಡದಲ್ಲೋ ಸಾಗರದಲ್ಲೋ ಕುಂದಾಪುರದಲ್ಲೋ ಇದ್ದಾಗ ಅವರ ಬೆಳಗು ಅಂಗಳದಲ್ಲಿ ಶುರುವಾಗುತ್ತಿತ್ತು. ನೀರು ಹಾಕಿ ರಂಗೋಲಿ ಇಟ್ಟು, ಹಿತ್ತಲಿನಿಂದ ಕರಿಬೇವು ಕಿತ್ತು ತಂದು, ಸಂಜೆ ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿ ದಿನ ಕಳೆಯುತ್ತಿದ್ದರು. ಇಲ್ಲಿ ಹನ್ನೆರಡನೇ ಮಹಡಿ, ಮುಚ್ಚಿದ ಬಾಗಿಲು, ಟಿ.ವಿ. ಲಿಫ್ಟಿನಲ್ಲಿ ಸಿಗುವವರ ಭಾಷೆ ಬರುವುದಿಲ್ಲ. ಮೊದಲ ತಿಂಗಳು ಎಲ್ಲ ಚೆನ್ನಾಗಿರುತ್ತದೆ. ಆಮೇಲೆ "ಹೊತ್ತೇ ಹೋಗಲ್ಲ" ಎನ್ನುತ್ತಾರೆ. ನಂತರ ರಾತ್ರಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೈಕಾಲು ಸೆಳೆತ. ಕೊನೆಗೆ "ನನ್ನನ್ನು ಊರಿಗೆ ಕಳಿಸಿಬಿಡಪ್ಪ" ಎಂಬ ಮಾತು. ಮಕ್ಕಳಿಗೆ ಬೇಸರ, ಅಪ್ಪ ಅಮ್ಮನಿಗೂ ಬೇಸರ.

ಇದಕ್ಕೆಲ್ಲ ಹತ್ತಿರದ ಪಾರ್ಕೊಂದೇ ಪರಿಹಾರ ಎಂದು ಯಾರೂ ಹೇಳುವುದಿಲ್ಲ. ಆದರೆ ಮನೆ ಹತ್ತಿರದ ಹಸಿರಿಗೂ ಮನಸ್ಸಿನ ನೆಮ್ಮದಿಗೂ ಇರುವ ಸಂಬಂಧವನ್ನು ನಲವತ್ತು ವರ್ಷಗಳಿಂದ ಸಂಶೋಧಕರು ಪರೀಕ್ಷಿಸುತ್ತಾ ಬಂದಿದ್ದಾರೆ. ಅವರು ಕಂಡುಕೊಂಡದ್ದನ್ನು ನಾವು ತಿಳಿದಿರುವುದು ಒಳ್ಳೆಯದು.

*ಸಂಶೋಧನೆಗಳು ಏನು ಹೇಳುತ್ತವೆ?*

*1. ಕಿಟಕಿಯ ಹೊರಗಿನ ಮರ.* ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಅವರಂತೆಯೇ ಇದ್ದ ಇನ್ನು 23 ಮಂದಿಗೆ ಕಾಣುತ್ತಿದ್ದದ್ದು ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾದವು.

*2. ಬಾಲ್ಯದ ಹಸಿರು.* ಡೆನ್ಮಾರ್ಕಿನಲ್ಲಿ 1985ರಿಂದ 2003ರ ನಡುವೆ ಹುಟ್ಟಿದ 9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಅವರು ಬೆಳೆದ ಮನೆಯ ಸುತ್ತಲಿನ ಹಸಿರಿನ ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ತೀರಾ ಕಡಿಮೆ ಹಸಿರಿನ ನಡುವೆ ಬೆಳೆದ ಮಕ್ಕಳಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ ಶೇ. 55ರಷ್ಟರವರೆಗೂ ಹೆಚ್ಚಾಗಿತ್ತು. ಮನೆಯ ಆದಾಯ, ತಂದೆ ತಾಯಿಗಿದ್ದ ಕಾಯಿಲೆ ಮುಂತಾದುವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಹಾಗಾಗಿ ಇದು ಹಿರಿಯರ ವಿಷಯ ಮಾತ್ರ ಎಂದುಕೊಳ್ಳಬೇಡಿ. ಫ್ಲ್ಯಾಟಿನೊಳಗೆ ಮೊಬೈಲ್ ಹಿಡಿದು ಬೆಳೆಯುವ ನಮ್ಮ ಮಕ್ಕಳ ವಿಷಯವೂ ಹೌದು.

*3. ವಾರಕ್ಕೆ 120 ನಿಮಿಷ.* ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ ಮಾಡಿದ ಅಧ್ಯಯನವೂ 2019ರಲ್ಲಿ ಬಂತು. ವಾರಕ್ಕೆ ಒಟ್ಟು 2 ಗಂಟೆ ಅಥವಾ ಹೆಚ್ಚು ಹೊತ್ತು ಪಾರ್ಕು, ಕಾಡು, ಸಮುದ್ರತೀರದಂಥ ಜಾಗದಲ್ಲಿ ಕಳೆದವರಲ್ಲಿ "ಆರೋಗ್ಯ ಚೆನ್ನಾಗಿದೆ, ಬದುಕು ತೃಪ್ತಿಯಾಗಿದೆ" ಎಂದವರ ಪ್ರಮಾಣ ಹೆಚ್ಚಿತ್ತು. ಆ 2 ಗಂಟೆಯನ್ನು ಭಾನುವಾರ ಒಮ್ಮೆಲೇ ಕಳೆದರೂ, ದಿನಕ್ಕೆ 20 ನಿಮಿಷದಂತೆ ಹಂಚಿಕೊಂಡರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

*4. ಕಸದ ಸೈಟು ಹಸಿರಾದಾಗ.* ಈ ಸಾಲಿನಲ್ಲಿ ಬಹಳ ಮುಖ್ಯವಾದದ್ದು ಇದು. ಮೇಲಿನ ಅಧ್ಯಯನಗಳನ್ನು ನೋಡಿ "ಹಸಿರು ಇರುವಲ್ಲಿ ಹಣವಂತರಿರುತ್ತಾರೆ, ಅವರಿಗೆ ನೆಮ್ಮದಿ ಹೆಚ್ಚು, ಅಷ್ಟೇ" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದನ್ನು ಔಷಧ ಪರೀಕ್ಷಿಸುವಂತೆಯೇ ಪರೀಕ್ಷಿಸಿದರು. ಪಾಳು ಬಿದ್ದ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ಗಿಡ್ಡ ಬೇಲಿ ಹಾಕಿದರು. ಇನ್ನೊಂದರಲ್ಲಿ ಕಸ ಮಾತ್ರ ತೆಗೆದರು. ಮೂರನೆಯದನ್ನು ಹಾಗೆಯೇ ಬಿಟ್ಟರು. ಹಸಿರಾದ ಸೈಟುಗಳ ಸುತ್ತ ವಾಸಿಸುವವರಲ್ಲಿ "ಮನಸ್ಸು ಕುಗ್ಗಿದೆ" ಎನ್ನುವವರ ಪ್ರಮಾಣ, ಏನೂ ಮಾಡದ ಸೈಟುಗಳ ಸುತ್ತಲಿನವರಿಗೆ ಹೋಲಿಸಿದರೆ, ಶೇ. 41ರಷ್ಟು ಇಳಿಯಿತು. ಕಸ ಮಾತ್ರ ತೆಗೆದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಈ ಪ್ರಯೋಗ ನಡೆದದ್ದು ಸಾಮಾನ್ಯರ, ಬಡವರ ಬೀದಿಗಳಲ್ಲೇ.

*ಹಸಿರು ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆ?*

ಇದರಲ್ಲಿ ಮಂತ್ರವೇನೂ ಇಲ್ಲ. ಕೆಲವು ಸರಳ ಕಾರಣಗಳು ಒಟ್ಟಿಗೆ ಸೇರುತ್ತವೆ.

▪️ *ಮಿದುಳಿಗೆ ಬಿಡುವು.* ಟ್ರಾಫಿಕ್, ಫೋನು, ಲೆಕ್ಕಪತ್ರ ಎಲ್ಲಕ್ಕೂ ಬಲವಂತವಾಗಿ ಗಮನ ಕೊಡಬೇಕು. ಎಲೆ ಅಲ್ಲಾಡುವುದು, ಅಳಿಲು ಓಡುವುದು ತಾನಾಗಿ ಕಣ್ಣಿಗೆ ಬೀಳುತ್ತದೆ, ಆಯಾಸ ಮಾಡುವುದಿಲ್ಲ. ದಣಿದ ಗಮನ ಆಗ ಚೇತರಿಸಿಕೊಳ್ಳುತ್ತದೆ ಎಂದು ರೇಚಲ್ ಮತ್ತು ಸ್ಟೀಫನ್ ಕಪ್ಲನ್ ದಂಪತಿ 1980ರ ದಶಕದಲ್ಲೇ ವಿವರಿಸಿದ್ದರು.

▪️ *ಅದೇ ಯೋಚನೆ ತಿರುಗುವುದು ಕಡಿಮೆಯಾಗುತ್ತದೆ.* "ಅವರು ಹಾಗಂದರು, ನಾನು ಹೀಗನ್ನಬೇಕಿತ್ತು" ಎಂದು ಒಂದೇ ಮಾತು ತಲೆಯಲ್ಲಿ ಗಾಣದಂತೆ ಸುತ್ತುತ್ತದಲ್ಲ, ಅದು ಖಿನ್ನತೆಗೆ ದಾರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 38 ಜನರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಕೆಲವರನ್ನು ಮರಗಳ ನಡುವೆ, ಕೆಲವರನ್ನು ವಾಹನ ತುಂಬಿದ ರಸ್ತೆಯಲ್ಲಿ 90 ನಿಮಿಷ ನಡೆಸಿದರು. ಮರಗಳ ನಡುವೆ ನಡೆದವರಲ್ಲಿ ಈ ಸುತ್ತುವ ಯೋಚನೆ ಕಡಿಮೆಯಾಯಿತು. ರಸ್ತೆಯಲ್ಲಿ ನಡೆದವರಲ್ಲಿ ಆಗಲಿಲ್ಲ.

▪️ *ಬೆಳಗಿನ ಬೆಳಕು, ರಾತ್ರಿಯ ನಿದ್ದೆ.* ದೇಹದೊಳಗಿನ ಗಡಿಯಾರ ಸರಿಹೋಗುವುದು ಬೆಳಗಿನ ಬೆಳಕಿನಿಂದ. ಇಡೀ ದಿನ ಟ್ಯೂಬ್‌ಲೈಟಿನಲ್ಲಿ ಕೂತವರಿಗೆ ರಾತ್ರಿ ನಿದ್ದೆ ಕೆಡುವುದು ಸಹಜ. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ.

▪️ *ನಡಿಗೆ, ತಂಪು, ನಿಶ್ಶಬ್ದ.* ಹೋಗಲು ಚೆಂದದ ಜಾಗವಿದ್ದರೆ ಕಾಲು ತಾನೇ ನಡೆಯುತ್ತದೆ. ಮರದಡಿ ಸೆಕೆಯೂ ಗದ್ದಲವೂ ಕಡಿಮೆ.

▪️ *ಮುಖ ಪರಿಚಯ.* ದಿನವೂ ಅದೇ ಹೊತ್ತಿಗೆ ಅದೇ ಬೆಂಚಿಗೆ ಹೋದರೆ ಹದಿನೈದು ದಿನದಲ್ಲಿ ನಾಲ್ಕು ಜನ ತಲೆಯಾಡಿಸುತ್ತಾರೆ. ಊರಿನ ಕಟ್ಟೆ ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ?

*ಎಷ್ಟು ಹತ್ತಿರ ಇರಬೇಕು?*

ನಗರದ ಮರಗಳ ಬಗ್ಗೆ ಕೆಲಸ ಮಾಡುವ ಸೆಸಿಲ್ ಕೊನೈನೆಂಡೈಕ್ ಎಂಬ ತಜ್ಞರು ನೆನಪಿಡಲು ಸುಲಭವಾದ ಸೂತ್ರವೊಂದನ್ನು ಕೊಟ್ಟಿದ್ದಾರೆ: *3-30-300*. ಮನೆಯಿಂದ 3 ಮರವಾದರೂ ಕಾಣಬೇಕು. ಬಡಾವಣೆಯ ಶೇ. 30 ಭಾಗಕ್ಕೆ ಮರದ ನೆರಳಿರಬೇಕು. 300 ಮೀಟರಿನೊಳಗೆ ಒಂದು ಪಾರ್ಕು ಸಿಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವೂ 300 ಮೀಟರನ್ನೇ, ಅಂದರೆ ಸುಮಾರು ಐದು ನಿಮಿಷದ ನಡಿಗೆಯನ್ನೇ ಅಳತೆಯಾಗಿ ಸೂಚಿಸಿದೆ.

ನಮ್ಮ ಮಹಾನಗರಗಳಲ್ಲಿ 30ರ ಮಾತು ಸದ್ಯಕ್ಕೆ ದೂರ. ಆದರೆ 3 ಮತ್ತು 300ನ್ನು ನಾವು ಬಾಡಿಗೆ ಮನೆ ಹುಡುಕುವಾಗ ನೋಡಬಹುದು. ನೀರು ಎಷ್ಟು ಹೊತ್ತು ಬರುತ್ತದೆ, ಡಿಪಾಸಿಟ್ ಎಷ್ಟು, ಸ್ಟೇಷನ್ ಎಷ್ಟು ದೂರ, ಲಿಫ್ಟ್ ಇದೆಯೇ ಎಂದು ಕೇಳುತ್ತೇವೆ. ಇನ್ನು ಮುಂದೆ ಎರಡು ವಿಷಯ ಸೇರಿಸಿಕೊಳ್ಳಿ. ಹಾಲ್ ಅಥವಾ ಹಿರಿಯರ ಕೋಣೆಯ ಕಿಟಕಿಯಿಂದ ಮರ ಕಾಣುತ್ತದೆಯೇ? ದೊಡ್ಡ ರಸ್ತೆ ದಾಟದೆ ಪಾರ್ಕಿಗೆ ಹೋಗಬಹುದೇ? ಎರಡನೆಯದು ಬಹಳ ಮುಖ್ಯ. ಇನ್ನೂರು ಮೀಟರ್ ದೂರದ ಪಾರ್ಕಿಗೆ ಆರು ಸಾಲಿನ ರಸ್ತೆ ದಾಟಬೇಕಾದರೆ ಎಪ್ಪತ್ತು ದಾಟಿದವರಿಗೆ ಆ ಪಾರ್ಕು ಇದ್ದೂ ಇಲ್ಲದಂತೆ. ಬ್ರಿಟನ್ನಿನಲ್ಲಿ ಹೆಚ್ಚು ಹಸಿರಿನ ಬಡಾವಣೆಗಳಿಗೆ ಮನೆ ಬದಲಿಸಿದವರನ್ನು ವರ್ಷವರ್ಷ ಗಮನಿಸಿದಾಗ, ಅವರ ಮನಸ್ಸಿನ ಆರೋಗ್ಯದ ಸುಧಾರಣೆ ಮೂರು ವರ್ಷವಾದರೂ ಉಳಿದಿತ್ತು ಎಂದು 2014ರ ಒಂದು ಅಧ್ಯಯನ ತಿಳಿಸಿತು.

*ಊರು ಬೇರೆ, ಮರ ಅದೇ*

ಹೊಸ ಊರಿನಲ್ಲಿ ಜನ, ಭಾಷೆ, ಊಟ ಎಲ್ಲ ಬೇರೆ. ಮರಗಳು ಮಾತ್ರ ಬಹುಪಾಲು ನಮ್ಮವೇ. ಹೆಸರು ತಿಳಿದುಕೊಂಡರೆ ಅದೇ ಮಾತಿಗೆ ನೆಪವಾಗುತ್ತದೆ.

🌳 *ಅರಳಿ*: ಮರಾಠಿಯಲ್ಲಿ ಪಿಂಪಳ, ಹಿಂದಿಯಲ್ಲಿ ಪೀಪಲ್, ತಮಿಳಿನಲ್ಲಿ ಅರಸ ಮರಂ, ತೆಲುಗಿನಲ್ಲಿ ರಾವಿ
🌳 *ಆಲ*: ಮರಾಠಿಯಲ್ಲಿ ವಡ, ಹಿಂದಿಯಲ್ಲಿ ಬರ್ಗದ್, ತಮಿಳಿನಲ್ಲಿ ಆಲ ಮರಂ, ತೆಲುಗಿನಲ್ಲಿ ಮರ್ರಿ
🌳 *ಬೇವು*: ಮರಾಠಿಯಲ್ಲಿ ಕಡುಲಿಂಬ, ಹಿಂದಿಯಲ್ಲಿ ನೀಮ್, ತಮಿಳಿನಲ್ಲಿ ವೇಂಬು, ತೆಲುಗಿನಲ್ಲಿ ವೇಪ
🌳 *ಹೊಂಗೆ*: ಮರಾಠಿಯಲ್ಲಿ ಕರಂಜ, ಹಿಂದಿಯಲ್ಲಿ ಕರಂಜ್, ತಮಿಳಿನಲ್ಲಿ ಪುಂಗನ್, ತೆಲುಗಿನಲ್ಲಿ ಕಾನುಗ

ದೆಹಲಿಯಲ್ಲಿ ಮೇ ತಿಂಗಳಲ್ಲಿ ಹಳದಿ ಗೊಂಚಲು ಬಿಡುವ ಅಮಲ್ತಾಸ್ ನಮ್ಮ ಕಕ್ಕೆ ಮರ. ಅಲ್ಲಿನ ಹಳೆಯ ರಸ್ತೆಗಳ ಬದಿಯ ಜಾಮುನ್ ನಮ್ಮ ನೇರಳೆ. ಅಜ್ಜಿಯನ್ನೂ ಮೊಮ್ಮಗುವನ್ನೂ ಒಟ್ಟಿಗೆ ಪಾರ್ಕಿಗೆ ಕಳಿಸಿ. ಅಜ್ಜಿ ಮರದ ಕನ್ನಡ ಹೆಸರು ಹೇಳಲಿ, ಮಗು ಸ್ಥಳೀಯ ಹೆಸರು ಹೇಳಲಿ. ಇಬ್ಬರಿಗೂ ಒಂದೊಂದು ಭಾಷೆಯ ಪಾಠವಾಗುತ್ತದೆ.

*ಯಾವ ನಗರದಲ್ಲಿ ಎಲ್ಲಿ?*

ವಾರಕ್ಕೊಮ್ಮೆ ಮನೆಮಂದಿಯೆಲ್ಲ ಹೋಗಬಹುದಾದ ಕೆಲವು ಜಾಗ ಇಲ್ಲಿವೆ. ಹೊರಡುವ ಮುಂಚೆ ಸಮಯ ಮತ್ತು ಪ್ರವೇಶ ಶುಲ್ಕ ವಿಚಾರಿಸಿಕೊಳ್ಳಿ.

📍 *ಮುಂಬೈ:* ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿ.ಮೀ. ಕಾಡು. ಮಾಟುಂಗಾ, ದಾದರ್ ಕಡೆಯವರಿಗೆ ಫೈವ್ ಗಾರ್ಡನ್ಸ್. ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್ ಒಂದು ಕಾಲಕ್ಕೆ ಕಸ ಸುರಿಯುವ ಜಾಗ, ಈಗ 37 ಎಕರೆ ಹಸಿರು.

📍 *ಪುಣೆ:* ಇಲ್ಲಿನ ಭಾಗ್ಯವೆಂದರೆ ಟೇಕಡಿಗಳು. ವೇತಾಳ ಟೇಕಡಿ, ತಳಜಾಯಿ, ಪರ್ವತಿ. ಮಂಡಿನೋವಿದ್ದವರಿಗೆ ಸಮತಟ್ಟಾದ ಸಾರಸ್ ಬಾಗ್, ಎಂಪ್ರೆಸ್ ಗಾರ್ಡನ್, ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನ.

📍 *ಚೆನ್ನೈ:* ಮೈಲಾಪುರದ ನಾಗೇಶ್ವರ ರಾವ್ ಪಾರ್ಕ್, ಅಣ್ಣಾ ನಗರದ ಟವರ್ ಪಾರ್ಕ್, ಸೆಮ್ಮೊಳಿ ಪೂಂಗಾ. ನಗರದೊಳಗೇ ಇರುವ ಗಿಂಡಿ ರಾಷ್ಟ್ರೀಯ ಉದ್ಯಾನ ಮಕ್ಕಳಿಗೆ ಇಷ್ಟವಾಗುತ್ತದೆ. ಸಂಜೆಗೆ ಬೆಸೆಂಟ್ ನಗರದ ಕಡಲತೀರ.

📍 *ಹೈದರಾಬಾದ್:* ಜ್ಯುಬಿಲಿ ಹಿಲ್ಸ್‌ನ ಕೆಬಿಆರ್ ಪಾರ್ಕಿನಲ್ಲಿ ನವಿಲು ಕಾಣಸಿಗುತ್ತದೆ. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್, ಇಂದಿರಾ ಪಾರ್ಕ್, ಐಟಿ ಕಡೆಯವರಿಗೆ ಕೊಂಡಾಪುರದ ಬೊಟಾನಿಕಲ್ ಗಾರ್ಡನ್.

📍 *ದೆಹಲಿ:* ಲೋಧಿ ಗಾರ್ಡನ್, ನಿಜಾಮುದ್ದೀನ್ ಹತ್ತಿರದ ಸುಂದರ್ ನರ್ಸರಿ, ಚಾಣಕ್ಯಪುರಿಯ ನೆಹರು ಪಾರ್ಕ್, ಹೌಜ್ ಖಾಸ್‌ನ ಡಿಯರ್ ಪಾರ್ಕ್.

ಇವೆಲ್ಲ ರಜಾದಿನಕ್ಕೆ. ದಿನನಿತ್ಯಕ್ಕೆ ಬೇಕಾದದ್ದು ನಿಮ್ಮ ಬಡಾವಣೆಯ ಪುಟ್ಟ ಪಾರ್ಕೇ. ಹೆಸರಿಲ್ಲದಿದ್ದರೂ ಪರವಾಗಿಲ್ಲ.

*ಹಿರಿಯರನ್ನು ಕಳಿಸುವಾಗ ಗಮನಿಸಿ*

✅ ಮೊದಲ ವಾರ ಜೊತೆಯಲ್ಲಿ ಹೋಗಿ. "ಹೋಗಿ ಬಾ ಅಮ್ಮಾ, ಪಕ್ಕದಲ್ಲೇ ಇದೆ" ಎಂದರೆ ಹೋಗುವುದಿಲ್ಲ. ಭಯವಿರುತ್ತದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿರುತ್ತದೆ.

✅ ಜೇಬಿನಲ್ಲೋ ಪರ್ಸಿನಲ್ಲೋ ಒಂದು ಚೀಟಿ ಇರಲಿ. ಮನೆ ವಿಳಾಸ ಮತ್ತು ನಿಮ್ಮ ಫೋನ್ ನಂಬರನ್ನು ಆ ಊರಿನ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಬರೆದುಕೊಡಿ.

✅ ಪಾರ್ಕಿನ ಬಾಗಿಲು ತೆರೆಯುವ ಹೊತ್ತು ನೋಡಿಕೊಳ್ಳಿ. ಹಲವು ಪಾಲಿಕೆ ಪಾರ್ಕುಗಳನ್ನು ಮಧ್ಯಾಹ್ನ ಮುಚ್ಚುತ್ತಾರೆ.

✅ ಶುಗರ್ ಇರುವವರು ಬರಿ ಹೊಟ್ಟೆಯಲ್ಲಿ ಹೋಗದಿರಲಿ, ಎರಡು ಬಿಸ್ಕೆಟ್ ಅಥವಾ ಸ್ವಲ್ಪ ಬೆಲ್ಲ ಜೊತೆಗಿರಲಿ. ನೀರಿನ ಬಾಟಲಿ ಮರೆಯಬೇಡಿ.

✅ ಮುಂಬೈ ಪುಣೆ ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು.

✅ ಚೆನ್ನೈ ಹೈದರಾಬಾದ್ ಬೇಸಿಗೆಯಲ್ಲಿ ಬೆಳಗ್ಗೆ 8ರ ಒಳಗೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ.

✅ ದೆಹಲಿಯ ಚಳಿಗಾಲದಲ್ಲಿ ಹೊಗೆಮಂಜು ಕವಿದ ಮುಂಜಾನೆ ಹೊರಗೆ ಬೇಡ. ಎಕ್ಯೂಐ ಮೊಬೈಲಿನಲ್ಲೇ ಸಿಗುತ್ತದೆ. 200 ದಾಟಿದರೆ ಆಸ್ತಮಾ, ಹೃದಯದ ತೊಂದರೆ ಇರುವವರು ಮನೆಯಲ್ಲೇ ಇರಲಿ. 300 ದಾಟಿದರೆ ಯಾರೂ ಹೊರಗೆ ವ್ಯಾಯಾಮ ಮಾಡದಿರುವುದು ಒಳಿತು. ಗಾಳಿ ಸುಧಾರಿಸಿದ ದಿನ ಮಧ್ಯಾಹ್ನದ ಎಳೆಬಿಸಿಲಿಗೆ ಹೋಗಲಿ.

*ಹತ್ತಿರ ಪಾರ್ಕೇ ಇಲ್ಲದಿದ್ದರೆ?*

ಕುರ್ಚಿಯ ಜಾಗ ಬದಲಿಸಿ ನೋಡಿ. ಅಪ್ಪನ ಕುರ್ಚಿ ಟಿ.ವಿ. ಎದುರಿನಿಂದ ಮರ ಕಾಣುವ ಕಿಟಕಿಯ ಬಳಿಗೆ ಬರಲಿ. ಖರ್ಚಿಲ್ಲ. ದೇವಸ್ಥಾನದ ಅಂಗಳ, ಕೆರೆ ದಂಡೆ, ಸಾಲುಮರದ ಒಳರಸ್ತೆ ಇದ್ದರೆ ಅದೇ ಪಾರ್ಕು.

ಬಾಲ್ಕನಿ ಅಥವಾ ಕಿಟಕಿ ಗ್ರಿಲ್ಲಿನಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು, ಬಸಳೆ ಬೆಳೆಸಬಹುದು. ಗಿಡ ತಂದುಕೊಟ್ಟು ಸುಮ್ಮನಾಗಬೇಡಿ, ಅದರ ಜವಾಬ್ದಾರಿಯನ್ನೂ ಹಿರಿಯರಿಗೇ ಬಿಡಿ. ಬೆಳಗ್ಗೆ ಎದ್ದ ಕೂಡಲೇ ತನ್ನನ್ನು ಕಾಯುವ ಕೆಲಸವೊಂದಿದೆ ಎಂಬುದೇ ದೊಡ್ಡ ಬಲ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಬರುತ್ತದೆ.

ಸೊಸೈಟಿಯ ಮೀಟಿಂಗಿನಲ್ಲಿ ಮಾತಾಡಿ. ಪಾರ್ಕಿಂಗಿಗಾಗಿ ಗಿಡ ತೆಗೆಯುವ ಮಾತು ಬಂದಾಗ ನಾವು ಹೊರಗಿನವರೆಂದು ಸುಮ್ಮನಿರಬೇಕಿಲ್ಲ. ಮಹಾರಾಷ್ಟ್ರದಲ್ಲಿ 1975ರಿಂದ, ದೆಹಲಿಯಲ್ಲಿ 1994ರಿಂದ ಮರ ರಕ್ಷಣೆಯ ಕಾನೂನಿದೆ. ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಪಾಳುಬಿದ್ದ ಪಾರ್ಕಿನ ಬೆಂಚು, ದೀಪದ ಬಗ್ಗೆ ಹತ್ತು ಮನೆಯವರು ಸಹಿ ಹಾಕಿ ವಾರ್ಡ್ ಆಫೀಸಿಗೆ ಅರ್ಜಿ ಕೊಡಿ. ಭಾಷೆ ಬಾರದಿದ್ದರೆ ಪಕ್ಕದ ಮನೆಯವರ ಸಹಾಯ ಕೇಳಿ. ಅದೂ ಒಂದು ಪರಿಚಯಕ್ಕೆ ದಾರಿ.

*ಪಾರ್ಕು ಸಾಲದು, ಡಾಕ್ಟರ್ ಬೇಕು ಎನ್ನುವುದು ಯಾವಾಗ?*

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಸಿರು ಮನಸ್ಸಿಗೆ ಸಹಾಯ ಮಾಡುತ್ತದೆ, ಚಿಕಿತ್ಸೆಯ ಜಾಗವನ್ನು ತುಂಬುವುದಿಲ್ಲ. ಈ ಕೆಳಗಿನ ಲಕ್ಷಣಗಳಲ್ಲಿ ಕೆಲವು *ಎರಡು ವಾರಕ್ಕಿಂತ ಹೆಚ್ಚು* ಇದ್ದರೆ ವೈದ್ಯರನ್ನು ಕಾಣಿ:

🔴 ದಿನದ ಹೆಚ್ಚು ಹೊತ್ತು ಬೇಸರ, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
🔴 ನಿದ್ದೆ, ಹಸಿವು ಕೆಡುವುದು, ತೂಕ ಇಳಿಯುವುದು
🔴 "ನಾನು ಎಲ್ಲರಿಗೂ ಭಾರ" ಎನ್ನುವುದು
🔴 ಕಾರಣ ಸಿಗದ ಮೈಕೈ ನೋವು, ಹೊಸದಾಗಿ ಮರೆವು. ಹಿರಿಯರಲ್ಲಿ ಖಿನ್ನತೆ ಹೀಗೂ ಕಾಣಿಸಿಕೊಳ್ಳುತ್ತದೆ, ನಾವು ವಯಸ್ಸಿನ ಮೇಲೆ ಹಾಕಿಬಿಡುತ್ತೇವೆ

ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ವೈದ್ಯರನ್ನು ಕಾಣಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ವಾಕಿಂಗ್ ಶುರು ಮಾಡಿದೆವೆಂದು ಮಾತ್ರೆ ನಿಲ್ಲಿಸಬಾರದು.

ಭಾಷೆಯ ಅಡ್ಡಿಗೂ ದಾರಿಯಿದೆ. ಕೇಂದ್ರ ಸರ್ಕಾರದ *ಟೆಲಿ ಮಾನಸ್* ಸಹಾಯವಾಣಿ *14416* ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಇದರಲ್ಲಿ ಕನ್ನಡದ ಸೇವೆಯೂ ಇದೆ. ಮನಸ್ಸಿನ ನೋವನ್ನು ಅರ್ಧಂಬರ್ಧ ಹಿಂದಿಯಲ್ಲಿ ಹೇಳಿಕೊಳ್ಳುವುದು ಬಹಳ ಕಷ್ಟ. ಈ ನಂಬರನ್ನು ಅಪ್ಪ ಅಮ್ಮನ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.

*ಈ ವಾರ ಮಾಡಬೇಕಾದದ್ದು ಇಷ್ಟೇ*

1️⃣ ಮನೆಯಿಂದ ಐದು ನಿಮಿಷದೊಳಗಿನ ಒಂದು ಹಸಿರು ಜಾಗ ಗುರುತಿಸಿ.
2️⃣ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ದಿನಕ್ಕೆ 20 ನಿಮಿಷದಂತೆ ಆರು ದಿನ ಹೋಗಿ. 120 ನಿಮಿಷ ತುಂಬಿತು.
3️⃣ ಅಲ್ಲಿರುವಷ್ಟು ಹೊತ್ತು ಫೋನು ಜೇಬಿನಲ್ಲೇ ಇರಲಿ.
4️⃣ ಒಬ್ಬರ ಪರಿಚಯವಾದರೂ ಮಾಡಿಕೊಳ್ಳಿ. ಭಾಷೆ ಬಾರದಿದ್ದರೆ ಒಂದು ನಮಸ್ಕಾರ, ಒಂದು ನಗು ಸಾಕು.

ನಿಮ್ಮ ಬಡಾವಣೆಯಲ್ಲಿ ಹಿರಿಯರು ಕೂರಲು ಒಳ್ಳೆಯ ಜಾಗವಿದ್ದರೆ ಅದರ ಹೆಸರನ್ನು ಗ್ರೂಪಿನಲ್ಲಿ ಹಾಕಿ. ಅದೇ ಕಡೆ ಹೊಸದಾಗಿ ಮನೆ ಮಾಡಿದ ಇನ್ನೊಂದು ಕನ್ನಡ ಕುಟುಂಬಕ್ಕೆ ಉಪಯೋಗವಾಗುತ್ತದೆ. ಅಪ್ಪ ಅಮ್ಮನನ್ನು ಊರಿನಿಂದ ಕರೆತಂದಿರುವ, ಅಥವಾ ಕರೆತರಬೇಕೆಂದಿರುವ ನಿಮ್ಮವರಿಗೆ ಈ ಲೇಖನ ಕಳಿಸಿ.

ಎಲ್ಲರಿಗೂ ಒಳ್ಳೆಯ ಆರೋಗ್ಯವಿರಲಿ. 🌿